ಘನತೆಯ ಸಾವು: ಮನೆಯ ಹೆಂಗಸರಿಗೂ ತಿಳಿದಿರಲಿ

ಸೋದರಿಯರೆ, ಮಗಳ ಮದುವೆಗೆ ಎಷ್ಟು ಅಕ್ಕಿ ಬೇಕು, ಸೊಸೆಯ ಬಾಣಂತನಕ್ಕೆ ಎಷ್ಟು ತುಪ್ಪ ಕೂಡಿಡಬೇಕು ಎಂದು ನಾವು ವರ್ಷ ಮೊದಲೇ ಕೂತು ಲೆಕ್ಕ ಹಾಕುತ್ತೇವೆ. ಆದರೆ ಸಾವಿನ ಮಾತು ಬಂತೆಂದರೆ ಮಾತ್ರ “ಬಿಡ್ತು ಅನ್ನು!” ಎಂದು ಹೇಳಿದವರ ಬಾಯಿ ಮುಚ್ಚಿಸಿಬಿಡುತ್ತೇವೆ. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಂತೂ ಆ ಮಾತು ಆಡುವ ಹಾಗೇ ಇಲ್ಲ. ಹಾಗಂತ ಸಾವು ಕೇಳುತ್ತದೆಯೇ? ಅದು ಬಂದಾಗ ಮನೆಯಲ್ಲಿ ಮಲಗಿದವರ ಬಾಯಿಗೆ ಗಂಜಿ ಹಾಕುವವರು, ಮಗ್ಗುಲು ಹೊರಳಿಸುವವರು, ಬಟ್ಟೆ ಬದಲಿಸುವವರು ಯಾರು? ನಾವೇ. ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವಾಗ ಮಾತ್ರ ಗಂಡಸರನ್ನು ಕರೆಯುತ್ತಾರೆ!

ಅದಕ್ಕೇ ಈ ಸಲ ಹಪ್ಪಳ ಸಂಡಿಗೆಯ ಮಾತು ಪಕ್ಕಕ್ಕಿಟ್ಟು ಈ ವಿಷಯ ಬರೆಯುತ್ತಿದ್ದೇನೆ. ಓದಲು ಮನಸ್ಸಾಗದಿದ್ದರೆ ಪುಟ ಮಡಿಚಿಡಿ, ನಾಳೆ ಬೆಳಿಗ್ಗೆ ಕೆಲಸ ಮುಗಿದ ಮೇಲೆ ಓದಿ. ಆದರೆ ಓದಿ.

2025ರ ಜನವರಿ 30ರಂದು ನಮ್ಮ ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಘನತೆಯಿಂದ ಸಾಯುವ ಹಕ್ಕು ಇದೆ, ಸುಪ್ರೀಂ ಕೋರ್ಟು ಹೇಳಿದ ಕ್ರಮವನ್ನು ಆಸ್ಪತ್ರೆಗಳು ಪಾಲಿಸಬೇಕು ಎಂಬುದು ಅದರ ಸಾರ. ಮಾರನೆಯ ದಿನ ಶಿವನಸಮುದ್ರದ ನಮ್ಮ ಬೀದಿಯ ನಲ್ಲಿಯ ಹತ್ತಿರ ಅದೇ ಮಾತು. ಒಬ್ಬಾಕೆ, “ಇನ್ಮೇಲೆ ಕೇಳಿದ್ರೆ ಡಾಕ್ಟ್ರೇ ಇಂಜೆಕ್ಷನ್ ಕೊಟ್ಟು ಸಾಯಿಸ್ತಾರಂತೆ” ಎಂದಳು. ಇನ್ನೊಬ್ಬಾಕೆ, “ಅಯ್ಯೋ, ಹಂಗಾದ್ರೆ ಆಸ್ತಿ ಇರೋ ಮುದುಕ್ರ ಗತಿ ಏನವ್ವ?” ಎಂದಳು. ಎರಡನೆಯವಳ ಭಯ ಸುಳ್ಳಲ್ಲ. ಆದರೆ ಮೊದಲನೆಯವಳು ಹೇಳಿದ್ದು ಪೂರಾ ತಪ್ಪು. ಮೊದಲು ಅದನ್ನು ಬಿಡಿಸಿಕೊಳ್ಳೋಣ.

ಮೂರು ಬೇರೆ ಬೇರೆ ಮಾತು

ದಯಾಮರಣ ಎಂಬ ಒಂದೇ ಹೆಸರಿನಲ್ಲಿ ಜನ ಮೂರು ಸಂಗತಿಗಳನ್ನು ಕಲಸಿಬಿಡುತ್ತಾರೆ, ಮೊಸರನ್ನಕ್ಕೆ ಸಾರು ಸುರಿದ ಹಾಗೆ. ಒಂದು, ವೈದ್ಯರೇ ಮದ್ದು ಚುಚ್ಚಿ ಪ್ರಾಣ ಹೋಗುವಂತೆ ಮಾಡುವುದು. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ದೇಶಗಳು 2002ರಲ್ಲಿ ಇದಕ್ಕೆ ಕಾನೂನು ಮಾಡಿದವು. ಕೆನಡಾದಲ್ಲಿ 2016ರಲ್ಲಿ ಬಂತು. ಎರಡನೆಯದು, ವೈದ್ಯರು ಮದ್ದು ಬರೆದುಕೊಡುತ್ತಾರೆ, ರೋಗಿ ತನ್ನ ಕೈಯಾರೆ ಕುಡಿಯಬೇಕು. ಅಮೆರಿಕದ ಆರೆಗನ್ ರಾಜ್ಯದಲ್ಲಿ 1997ರಿಂದ ಇದು ಜಾರಿಯಲ್ಲಿದೆ. ಅಲ್ಲಿ ರೋಗಿಗೆ ಹದಿನೆಂಟು ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು, ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲವೆಂದು ಇಬ್ಬರು ವೈದ್ಯರು ಹೇಳಿರಬೇಕು. ಈ ಎರಡೂ ನಮ್ಮ ದೇಶದಲ್ಲಿ ಇಲ್ಲ. ಮಾಡಿದರೆ ಅಪರಾಧ. ಕರ್ನಾಟಕದ ಸುತ್ತೋಲೆಯೂ ಇವನ್ನು ಒಪ್ಪಿಲ್ಲ.

ಮೂರನೆಯದೇ ನಮ್ಮಲ್ಲಿ ಒಪ್ಪಿರುವುದು. ಯಂತ್ರದಿಂದ, ನಳಿಕೆಯಿಂದ ಸಾವನ್ನು ಮುಂದೂಡುತ್ತಾ ಇರುವಾಗ, ಇನ್ನು ಗುಣವಾಗುವುದಿಲ್ಲವೆಂದು ಖಚಿತವಾದ ಮೇಲೆ, ಆ ಯಂತ್ರವನ್ನು ತೆಗೆಯುವುದು ಅಥವಾ ಮೊದಲಿಗೇ ಹಾಕದಿರುವುದು. ಸಾವು ರೋಗದಿಂದ ಬರುತ್ತದೆ, ಮನುಷ್ಯರ ಕೈಯಿಂದಲ್ಲ. ನೋವಿಗೆ ಔಷಧಿ, ಬಾಯಿ ಒಣಗಿದರೆ ಒದ್ದೆ ಬಟ್ಟೆ, ಮೈ ಒರೆಸುವುದು, ಇವು ಯಾವುವೂ ನಿಲ್ಲುವುದಿಲ್ಲ. ನಿಲ್ಲಬಾರದು ಎಂದೇ ನಿಯಮ.

ನೋಡಿ, ಇದೆಲ್ಲ ಹೊಸತೇನಲ್ಲ ಎಂದೂ ಅನಿಸುತ್ತದೆ. ನಮ್ಮ ಶಿವನಸಮುದ್ರದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಶ್ರವಣಬೆಳಗೊಳ ತಲುಪಬಹುದು. ಗೊಮ್ಮಟನ ಬೆಟ್ಟ ಹತ್ತಿ ಬಂದವರು ಎದುರಿನ ಚಿಕ್ಕಬೆಟ್ಟವನ್ನು ನೋಡದೆ ಬಸ್ಸು ಹತ್ತುತ್ತಾರೆ. ಆ ಬಂಡೆಗಳ ಮೇಲೆ ಕ್ರಿ.ಶ. 600ರ ಸುಮಾರಿನಿಂದ ಶಾಸನಗಳಿವೆ, ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ನೆನಪಿನವು. ಮುನಿಗಳು ಮಾತ್ರವಲ್ಲ, ಕಂತಿಯರೂ ಇದ್ದಾರೆ, ಗೃಹಸ್ಥ ಹೆಂಗಸರೂ ಇದ್ದಾರೆ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಈ ವ್ರತ ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಅದು ಧರ್ಮದ ವ್ರತ, ನಾನು ಹೇಳುತ್ತಿರುವುದು ಆಸ್ಪತ್ರೆಯ ಮಾತು. ಎರಡೂ ಒಂದೇ ಅಲ್ಲ. ಆದರೂ ಸಾವನ್ನು ಎಚ್ಚರದಲ್ಲಿದ್ದು ನೋಡಿದ ಜನ ನಮ್ಮ ನಾಡಿನಲ್ಲೇ ಇದ್ದರು ಎಂಬುದು ನೆನಪಿರಲಿ.

ಹಳದೀಪುರದ ಅರುಣಾ

ಈ ಕಾನೂನು ಹೇಗೆ ಬಂತೆಂದು ಕೇಳಿದರೆ ಒಂದು ಹೆಣ್ಣುಮಗಳ ಕಥೆ ಹೇಳಲೇಬೇಕು. ಆಕೆ ನಮ್ಮ ಕರ್ನಾಟಕದವಳೇ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ್. ಬೊಂಬಾಯಿಗೆ ಹೋಗಿ ನರ್ಸಿಂಗ್ ಕಲಿತು ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅದೇ ಆಸ್ಪತ್ರೆಯ ವೈದ್ಯರೊಬ್ಬರೊಡನೆ ಮದುವೆ ನಿಶ್ಚಯವಾಗಿತ್ತು. 1973ರ ನವೆಂಬರ್ 27ರ ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಿಸಲು ಹೋದಾಗ ಅಲ್ಲಿಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಆಕೆಯ ಮೇಲೆ ಅತ್ಯಾಚಾರ ಮಾಡಿದ. ಮಿದುಳಿಗೆ ಉಸಿರು ಹೋಗದೆ ಆಕೆಯ ಕಣ್ಣು ಹೋಯಿತು, ಮಾತು ಹೋಯಿತು, ಬುದ್ಧಿ ಹೋಯಿತು. ಆಗ ಆಕೆಗೆ ವಯಸ್ಸು 25.

ಅವನಿಗೆ ಕಳ್ಳತನ ಮತ್ತು ಕೊಲೆ ಯತ್ನಕ್ಕೆ ಏಳು ವರ್ಷ ಶಿಕ್ಷೆಯಾಯಿತು. ಅತ್ಯಾಚಾರದ ಮೊಕದ್ದಮೆಯನ್ನೇ ಹೂಡಲಿಲ್ಲ! ಅವನು ಜೈಲಿನಿಂದ ಹೊರಬಂದ. ಅರುಣಾ ಮಾತ್ರ ಆ ಹಾಸಿಗೆಯಿಂದ ಏಳಲೇ ಇಲ್ಲ, ನಲವತ್ತೊಂದು ವರ್ಷಕ್ಕೂ ಮೇಲೆ. ಬಂಧುಗಳು ದೂರವಾದರು. ನೋಡಿಕೊಂಡವರು ಯಾರು ಗೊತ್ತೆ? ಆ ಆಸ್ಪತ್ರೆಯ ನರ್ಸುಗಳು. ಒಂದು ತಂಡ ನಿವೃತ್ತಿಯಾದರೆ ಇನ್ನೊಂದು ತಂಡ, ಅನ್ನ ನುರಿದು ತಿನ್ನಿಸಿ, ಮೈ ತೊಳೆದು. ವರ್ಷಗಟ್ಟಲೆ ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು.

ಪತ್ರಕರ್ತೆ ಪಿಂಕಿ ವಿರಾನಿ ಆಕೆಯ ಬಗ್ಗೆ ಪುಸ್ತಕ ಬರೆದವರು. ಈ ಬಾಳು ಸಾಕು, ಆಹಾರ ಕೊಡುವುದನ್ನು ನಿಲ್ಲಿಸಲು ಅಪ್ಪಣೆ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ನರ್ಸುಗಳು ಒಪ್ಪಲಿಲ್ಲ. “ನಮ್ಮ ಅರುಣಾ ನಮ್ಮ ಹತ್ತಿರವೇ ಇರಲಿ” ಎಂಬುದೇ ಅವರ ನಿಲುವು. 2011ರ ಮಾರ್ಚ್ 7ರಂದು ಕೋರ್ಟು ನರ್ಸುಗಳ ಕಡೆಗೇ ತೀರ್ಪು ಕೊಟ್ಟಿತು. ಅವರು ಸಿಹಿ ಹಂಚಿದರು. ಆದರೆ ಅದೇ ತೀರ್ಪಿನಲ್ಲಿ, ಇಂಥ ರೋಗಿಗಳಿಗೆ ಯಂತ್ರ ತೆಗೆಯುವುದನ್ನು ಹೈಕೋರ್ಟಿನ ಅನುಮತಿಯೊಡನೆ ಮಾಡಬಹುದು ಎಂಬ ಬಾಗಿಲೂ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡಳು.

ಪಿಂಕಿ ವಿರಾನಿ ಹೇಳಿದ್ದು ಸರಿಯೋ, ನರ್ಸುಗಳು ಹೇಳಿದ್ದು ಸರಿಯೋ? ನನ್ನನ್ನು ಕೇಳಿದರೆ ನರ್ಸುಗಳ ಮಾತಿಗೇ ತೂಕ ಹೆಚ್ಚು, ಏಕೆಂದರೆ ಮೈ ತೊಳೆದವರು ಅವರು. ಆದರೆ ಅರುಣಾಳ ಮನಸ್ಸಿನಲ್ಲಿ ಏನಿತ್ತು ಎಂದು ಇಬ್ಬರಿಗೂ ತಿಳಿಯಲಿಲ್ಲ. 25 ವರ್ಷದ ಹುಡುಗಿ ಅದನ್ನು ಬರೆದಿಡುವುದುಂಟೆ?

ಆ ಬರೆದಿಡುವ ಮಾತೇ 2018ರ ಮಾರ್ಚ್ 9ರ ತೀರ್ಪಿನಲ್ಲಿ ಬಂತು. ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲಿ ಹಾಕಿದ್ದ ಅರ್ಜಿಯ ಮೇಲೆ ಐವರು ನ್ಯಾಯಾಧೀಶರು ಕೂತು, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಒಂದು ಭಾಗ ಎಂದರು. ಬುದ್ಧಿ ಸ್ವಾಧೀನದಲ್ಲಿರುವಾಗಲೇ ‘ನನಗೆ ಮುಂದೆ ಹೀಗಾದರೆ ಇಂಥ ಚಿಕಿತ್ಸೆ ಬೇಡ’ ಎಂದು ಬರೆದಿಡಬಹುದು ಎಂದರು. ಆದರೆ ಅದರ ಕ್ರಮ ಎಷ್ಟು ಕಷ್ಟವಾಗಿತ್ತೆಂದರೆ, ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ರುಜು ಹಾಕಿಸಬೇಕಿತ್ತು. ಮಂಡಿ ನೋವಿನ ಮುದುಕಿ ಕೋರ್ಟಿನ ಮೆಟ್ಟಿಲು ಹತ್ತುವುದುಂಟೆ? 2023ರ ಜನವರಿ 24ರಂದು ಸುಪ್ರೀಂ ಕೋರ್ಟೇ ಅದನ್ನು ಸುಲಭ ಮಾಡಿತು.

ದಾವಣಗೆರೆಯ ಮೇಷ್ಟ್ರಮ್ಮ

ಇನ್ನೊಬ್ಬರು ದಾವಣಗೆರೆಯ ಎಚ್.ಬಿ. ಕರಿಬಸಮ್ಮ. ನಿವೃತ್ತ ಶಾಲಾ ಶಿಕ್ಷಕಿ. ಬೆನ್ನುಮೂಳೆಯ ನೋವಿನಿಂದ ನರಳಿ, ತಮಗೆ ದಯಾಮರಣಕ್ಕೆ ಅವಕಾಶ ಕೊಡಿ ಎಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಕ್ಕೆ, ರಾಷ್ಟ್ರಪತಿಗಳಿಗೆ, ಕೋರ್ಟಿಗೆ ಬರೆಯುತ್ತಲೇ ಇದ್ದರು. 2025ರಲ್ಲಿ ಸುತ್ತೋಲೆ ಬಂದಾಗ ಅವರಿಗೆ 85 ವರ್ಷ. ಪತ್ರಿಕೆಗಳೆಲ್ಲ ಅವರ ಬಾಗಿಲಿಗೆ ಹೋದವು. ಒಬ್ಬ ಶಾಲೆಯ ಮೇಷ್ಟ್ರಮ್ಮ ಇಷ್ಟು ವರ್ಷ ಪಟ್ಟು ಬಿಡದೆ ಬರೆದರಲ್ಲ, ಆ ಹಠಕ್ಕೆ ಕೈಮುಗಿಯಬೇಕು. ಆದರೂ ಒಂದು ಮಾತು ಗಮನಿಸಿ. ನಡೆದಾಡುವ, ಯಂತ್ರದ ಆಸರೆ ಇಲ್ಲದೆ ಉಸಿರಾಡುವ ಮನುಷ್ಯರು ‘ನನಗೆ ಸಾಕು’ ಎಂದರೆ ಸಾವು ಕೊಡುವ ವ್ಯವಸ್ಥೆ ಈ ಸುತ್ತೋಲೆಯಲ್ಲಿ ಇಲ್ಲ. ತೆಗೆಯುವುದಕ್ಕೆ ಯಂತ್ರವೇ ಇಲ್ಲವಲ್ಲ!

ಆರೆಗನ್ನಿನಲ್ಲಿರುವಂಥ ಕಾನೂನು ನಮಗೂ ಬೇಕೆ ಎಂದು ನೀವು ಕೇಳಬಹುದು. ನನ್ನ ಮಟ್ಟಿಗೆ, ಈಗಲೇ ಬೇಡ. ನಮ್ಮ ಕಡೆ ಗಂಡ ಸತ್ತ ಮುದುಕಿಯರನ್ನು ನೋಡಿದ್ದೀರಲ್ಲ. ಮಗ ಎದುರಿಗೆ ಏನೂ ಅನ್ನದಿದ್ದರೂ “ನಾನು ನಿಮಗೆಲ್ಲ ಭಾರ ಆದೆ” ಎಂದು ತಾವೇ ಅಂದುಕೊಳ್ಳುತ್ತಾರೆ. ಊಟ ಕಮ್ಮಿ ಮಾಡುತ್ತಾರೆ, ಮಾತ್ರೆ ತಗೊಂಡೆ ಎಂದು ಸುಳ್ಳು ಹೇಳಿ ದುಡ್ಡು ಉಳಿಸುತ್ತಾರೆ. ಅಂಥವರ ಮುಂದೆ ಮದ್ದಿನ ಲೋಟ ಇಟ್ಟು ‘ನಿಮ್ಮಿಷ್ಟ’ ಎಂದರೆ ಅದು ಇಷ್ಟವಾದೀತೆ? ಮೊದಲು ನೋವಿಗೆ ಮದ್ದು ಸಿಗಲಿ, ಮಾತ್ರೆಗೆ ಮಗನ ಕೈ ನೋಡುವುದು ತಪ್ಪಲಿ. ಆಮೇಲೆ ಆ ಮಾತು.

ಆದರೆ ಯಂತ್ರ ತೆಗೆಯುವ ಈ ಕಾನೂನು ಬೇರೆ. ಇದು ಇಲ್ಲದೆ ನಮ್ಮ ಜನ ಏನು ಮಾಡುತ್ತಿದ್ದರು ಎಂದು ನಿಮಗೂ ಗೊತ್ತು. ನಮ್ಮ ಮಾವನವರಿಗೆ ಮಿದುಳಿನಲ್ಲಿ ರಕ್ತ ಒಡೆದಾಗ ಒಂದು ದೊಡ್ಡ ಊರಿನ ಆಸ್ಪತ್ರೆಗೆ ಸೇರಿಸಿದ್ದೆವು. ಹತ್ತೊಂಬತ್ತು ದಿನ ಐ.ಸಿ.ಯು.ನಲ್ಲಿ ವೆಂಟಿಲೇಟರ್. ಗಾಜಿನಾಚೆಯಿಂದ ದಿನಕ್ಕೆರಡು ಸಲ ನೋಡುವುದು. ‘ಸುಧಾರಿಸ್ತಾರಾ ಡಾಕ್ಟ್ರೇ?’ ಎಂದರೆ ‘ನೋಡೋಣ’. ‘ತೆಗೀಬಹುದಾ?’ ಎಂದರೆ ‘ಅದು ನಮ್ಮ ಕೈಲಿಲ್ಲ, ನೀವೇ ಬರ್ಕೊಟ್ಟು ಕರ್ಕೊಂಡ್ ಹೋಗಿ’. ಕೊನೆಗೆ, ‘ವೈದ್ಯರ ಸಲಹೆ ಮೀರಿ ಕರೆದೊಯ್ಯುತ್ತಿದ್ದೇವೆ’ ಎಂದು ನಮ್ಮ ಯಜಮಾನರು ಬರೆದುಕೊಟ್ಟರು. ಆಂಬುಲೆನ್ಸಿನಲ್ಲಿ ಒಬ್ಬ ಹುಡುಗ ರಬ್ಬರಿನ ಚೀಲ ಅದುಮುತ್ತಾ ಬಂದ. ಮಳವಳ್ಳಿ ದಾಟುವ ಹೊತ್ತಿಗೆ ಅವನು ಅದುಮುವುದನ್ನು ನಿಲ್ಲಿಸಿ ನಮ್ಮ ಮುಖ ನೋಡಿದ. ಆ ಕಾಗದದ ಮಾತು ಇವತ್ತಿಗೂ ನಮ್ಮ ಯಜಮಾನರ ಎದೆಯಲ್ಲಿ ಕೂತಿದೆ. ಅಪ್ಪನನ್ನು ತಾವೇ ಕಳಿಸಿದ ಹಾಗೆ!

ಅಂದಿನಿಂದ ನಮ್ಮ ಅತ್ತೆ ಒಂದೇ ಮಾತು ಹೇಳುತ್ತಾರೆ: “ನನ್ಗೆ ಆ ಪೈಪು ಗೀಪು ಎಲ್ಲ ಬ್ಯಾಡ ಕಣವ್ವ. ಮಧ್ಯರಂಗನ ತೀರ್ಥ ಒಂದ್ ತೊಟ್ಟು ಬಾಯ್ಗ್ ಬುಡಿ, ಸಾಕು.” ಇಲ್ಲಿಯ ರಂಗನಾಥನನ್ನು ನಾವು ಮಧ್ಯರಂಗ ಎನ್ನುತ್ತೇವೆ, ಶ್ರೀರಂಗಪಟ್ಟಣದವನು ಆದಿರಂಗ, ಶ್ರೀರಂಗದವನು ಅಂತ್ಯರಂಗ. ನಮ್ಮ ಊರಿನ ಜಲಪಾತದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು ಎಂದು ಹೆಮ್ಮೆಪಡುವವರು ನಾವು. ಕರೆಂಟಿನ ಯಂತ್ರವೇ ಕೊನೆಗೆ ಮನುಷ್ಯನ ಉಸಿರನ್ನೂ ಹಿಡಿದುಕೊಂಡು ಬಿಡುವುದಿಲ್ಲ ಎಂದರೆ ನಮ್ಮತ್ತೆಗೆ ಅದು ಅರ್ಥವೇ ಆಗುವುದಿಲ್ಲ.

ಅತ್ತೆ ಬಾಯಲ್ಲಿ ಹೇಳಿದರೆ ಸಾಕೆ? ಸಾಲದು. ಆಸ್ಪತ್ರೆಯವರಿಗೆ ಕಾಗದ ಬೇಕು.

ಏನು ಮಾಡಬೇಕು?

ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಈ ಪತ್ರ ಬರೆಯಬಹುದು. ಮುಂಗಡ ವೈದ್ಯಕೀಯ ನಿರ್ದೇಶನ ಎಂದು ಇದರ ಹೆಸರು, ಲಿವಿಂಗ್ ವಿಲ್ ಎಂದೂ ಕರೆಯುತ್ತಾರೆ. ಆಸ್ತಿಯ ವಿಲ್ ನಾವು ಹೋದ ಮೇಲೆ ಕೆಲಸಕ್ಕೆ ಬರುತ್ತದೆ, ಇದು ಇರುವಾಗಲೇ. ಯಾರ ಬಲವಂತವೂ ಇಲ್ಲದೆ ಬರೆಯುತ್ತಿದ್ದೇನೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಯಾವ ಸ್ಥಿತಿಯಲ್ಲಿ, ಯಾವ ಚಿಕಿತ್ಸೆ ಬೇಡ ಎಂಬುದನ್ನೂ ಬಿಡಿಸಿ ಬರೆಯಬೇಕು. ‘ನನಗೆ ಕಷ್ಟ ಕೊಡಬೇಡಿ’ ಎಂದಷ್ಟೇ ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ವೆಂಟಿಲೇಟರ್ ಬೇಡವೆ, ಮೂಗಿನ ನಳಿಕೆಯಲ್ಲಿ ಆಹಾರ ಬೇಡವೆ, ಡಯಾಲಿಸಿಸ್ ಬೇಡವೆ ಎಂದು ಒಂದೊಂದಾಗಿ ಹೇಳಿ. ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಕೂತು ಇವುಗಳ ಅರ್ಥ ಕೇಳಿಕೊಂಡು ಬರೆದರೆ ಉತ್ತಮ.

ನಿಮಗೆ ಮಾತಾಡಲಾಗದ ಕಾಲದಲ್ಲಿ ನಿಮ್ಮ ಪರವಾಗಿ ಒಪ್ಪಿಗೆ ಕೊಡಲು ಒಬ್ಬರಿಗಿಂತ ಹೆಚ್ಚು ಜನರ ಹೆಸರನ್ನು ಬರೆಯಬೇಕು. ಇಲ್ಲಿ ಸ್ವಲ್ಪ ಯೋಚನೆ ಮಾಡಿ. ಹಿರಿಯ ಮಗ ಎಂದು ರೂಢಿಗೆ ಬರೆಯಬೇಡಿ. ಗಾಬರಿಯಾಗುವವರು ಬೇಡ, ದುಬೈನಲ್ಲಿ ಇರುವವರು ಬೇಡ, ಬರಲು ಮೂರು ದಿನ ಬೇಕಾಗುತ್ತದೆ. ನಿಮ್ಮ ಮಾತನ್ನು ನೆನಪಿಟ್ಟು ಹಾಗೇ ಹೇಳಬಲ್ಲವರು ಬೇಕು. ಮಗಳಾಗಬಹುದು, ತಂಗಿಯಾಗಬಹುದು. ನಮ್ಮತ್ತೆ ಹೇಳಿದ್ದು ಸಣ್ಣ ಮಗಳ ಹೆಸರು ಮತ್ತು ನನ್ನ ಹೆಸರು. “ನನ್ ಮಗನ ಹೆಸ್ರು ಬ್ಯಾಡ, ಅವನು ಅವ್ರಪ್ಪನ ಕಾಗ್ದಾನೇ ಇನ್ನೂ ಮರ್ತಿಲ್ಲ” ಎಂದರು.

ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರಾಯಿತು. ಒಂದು ಪ್ರತಿಯನ್ನು ಪಂಚಾಯಿತಿಗೆ ಅಥವಾ ಪುರಸಭೆಗೆ ಕೊಡಬೇಕು. ಅದನ್ನು ಕಾಪಾಡಲು ಅವರು ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎಂದು ಕೋರ್ಟು ಹೇಳಿದೆ. ಕುಟುಂಬದ ವೈದ್ಯರಿದ್ದರೆ ಅವರಿಗೂ ಒಂದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲಿ ರದ್ದು ಮಾಡಬಹುದು. ಸಹಿ ಹಾಕಿದೆವಲ್ಲ, ಇನ್ನು ಮುಗೀತು ಎಂದು ಹೆದರಬೇಕಿಲ್ಲ.

ನಲ್ಲಿಯ ಹತ್ತಿರದ ಎರಡನೆಯಾಕೆಯ ಪ್ರಶ್ನೆ ಬಾಕಿ ಇದೆ, ಆಸ್ತಿ ಇರುವ ಮುದುಕರ ಗತಿ ಏನು? ಕೇಳಿ. ಕಾಗದ ಇದ್ದ ಮಾತ್ರಕ್ಕೆ ಮನೆಯವರು ಹೇಳಿದ ಕೂಡಲೇ ಯಂತ್ರ ತೆಗೆಯುವುದಿಲ್ಲ. ಮೊದಲು ಆಸ್ಪತ್ರೆಯಲ್ಲಿ ಪ್ರಾಥಮಿಕ ವೈದ್ಯಕೀಯ ಮಂಡಳಿ ನೋಡಬೇಕು. ಚಿಕಿತ್ಸೆ ಮಾಡುತ್ತಿರುವ ವೈದ್ಯರು ಮತ್ತು ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು ಅದರಲ್ಲಿರುತ್ತಾರೆ. ಅವರು ಒಪ್ಪಿದ ಮೇಲೆ ಎರಡನೆಯ ಮಂಡಳಿ. ಅದರಲ್ಲಿ ಬೇರೆ ಮೂವರು ವೈದ್ಯರು, ಒಬ್ಬರನ್ನು ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಬೇಕು. ಮೊದಲ ಮಂಡಳಿಯಲ್ಲಿದ್ದವರು ಇದರಲ್ಲಿ ಇರುವಂತಿಲ್ಲ. ಎರಡೂ ಮಂಡಳಿಗಳು ಆದಷ್ಟು ಮಟ್ಟಿಗೆ 48 ಗಂಟೆಗಳಲ್ಲಿ ಹೇಳಬೇಕು. ಪತ್ರದಲ್ಲಿ ಹೆಸರಿಸಿದವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಆಮೇಲೆ ಮುಂದಿನ ಕ್ರಮ. ಒಮ್ಮತವಾಗದಿದ್ದರೆ ಹೈಕೋರ್ಟಿಗೆ ಹೋಗಬಹುದು. ಪತ್ರ ಬರೆಯದ ರೋಗಿಗಳಿಗೂ, ಹತ್ತಿರದ ಬಂಧುಗಳ ಒಪ್ಪಿಗೆಯ ಮೇಲೆ ಇದೇ ಎರಡು ಮಂಡಳಿಗಳ ಕ್ರಮವಿದೆ. ಆರು ವೈದ್ಯರನ್ನು ಒಬ್ಬ ದುರಾಸೆಯ ಮಗ ಕೊಂಡುಕೊಳ್ಳುವುದು ಅಷ್ಟು ಸುಲಭವಲ್ಲ ಎಂದು ನನಗನಿಸುತ್ತದೆ.

ನೋವು ನೀಗುವ ದಾರಿ

ಯಂತ್ರ ಬೇಡ ಎಂದಮೇಲೆ ಏನು ಬೇಕು ಎಂಬುದನ್ನೂ ಹೇಳಬೇಕಲ್ಲ. ಕ್ಯಾನ್ಸರ್ ಬಂದವರು “ಸಾವು ಬರಬಾರದೆ” ಎಂದು ಗೋಳಾಡುವುದು ಹೆಚ್ಚಾಗಿ ನೋವಿಗೆ. ಆ ನೋವಿಗೆ ಮಾರ್ಫೀನ್ ಎಂಬ ಮಾತ್ರೆ ಇದೆ. ಅಫೀಮಿನಿಂದ ಮಾಡಿದ್ದಾದ್ದರಿಂದ 1985ರ ಮಾದಕ ವಸ್ತುಗಳ ಕಾನೂನಿನ ಬಿಗಿಯಿಂದ ಅದನ್ನು ಇಡಲು ಆಸ್ಪತ್ರೆಗಳೇ ಹೆದರುತ್ತಿದ್ದವು. 2014ರಲ್ಲಿ ಆ ಕಾನೂನಿಗೆ ತಿದ್ದುಪಡಿಯಾಗಿ ದಾರಿ ಸ್ವಲ್ಪ ಸಲೀಸಾಯಿತು. ‘ಅಭ್ಯಾಸವಾಗಿಬಿಡುತ್ತೆ’ ಎಂದು ಕೊನೆಯ ದಿನಗಳಲ್ಲಿರುವವರಿಗೆ ಅದನ್ನು ತಪ್ಪಿಸುವವರು ಇನ್ನೂ ಇದ್ದಾರೆ. ಇನ್ನೆರಡು ತಿಂಗಳು ಇರುವವರಿಗೆ ಅಭ್ಯಾಸದ ಚಿಂತೆ ಯಾಕೆ, ಹೇಳಿ! ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಕೊಡಬೇಕು, ಅಷ್ಟೇ. ಮಲಬದ್ಧತೆ ಆಗುತ್ತದೆ, ಅದಕ್ಕೂ ಔಷಧಿ ಕೇಳಿಕೊಳ್ಳಿ.

ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಮನೆ 1999ರಿಂದ ಇದೆ. ಆಸ್ಪತ್ರೆ ಕೈಚೆಲ್ಲಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ, ನೋವಿಗೆ ಮದ್ದು, ಗಾಯಕ್ಕೆ ಪಟ್ಟಿ, ಮನೆಯವರಿಗೆ ಧೈರ್ಯ. ಕಿದ್ವಾಯಿ ಆಸ್ಪತ್ರೆಗೆ ಹೋಗುವವರು ನೋವಿನ ಚಿಕಿತ್ಸೆಯ ವಿಭಾಗವನ್ನು ಕೇಳಿ ಹೋಗಿ. ಉಪಶಾಮಕ ಆರೈಕೆ ಎಂದು ಇದಕ್ಕೆ ಹೆಸರು. ರೋಗ ಹೋಗದಿದ್ದರೂ ನರಳಾಟ ಕಮ್ಮಿ ಮಾಡುವುದು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಿಂದ ಶುರುವಾಗಿ ಊರೂರಿನ ಜನವೇ ಸೇರಿ ಮನೆಮನೆಗೆ ಹೋಗಿ ಇದನ್ನು ಮಾಡುತ್ತಾರೆ. ಸ್ತ್ರೀಶಕ್ತಿ ಸಂಘದ ಚೀಟಿ ದುಡ್ಡು ಕೂಡಿಸುವ ನಮಗೆ ಅದು ಆಗದ ಕೆಲಸವೇ?

ಕಡೆಯದಾಗಿ ಒಂದು ಸಣ್ಣ ಮಾತು. ಪತ್ರ ಬರೆದವರು ಅದನ್ನು ಒಡವೆಯ ಜೊತೆ ಬೀರುವಿನೊಳಗೆ ಇಟ್ಟು ಬೀಗ ಹಾಕಬೇಡಿ. ಆಧಾರ್, ರೇಷನ್ ಕಾರ್ಡು, ಹಳೆಯ ಔಷಧಿ ಚೀಟಿ ಇಡುವ ಕವರಿನಲ್ಲೇ ಇಡಿ, ಹೆಸರು ಬರೆದವರಿಗೂ ಜಾಗ ತೋರಿಸಿ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸು ಬಾಗಿಲಿಗೆ ಬಂದಾಗ ಯಾರಿಗೂ ಬೀಗದ ಕೈ ಸಿಗುವುದಿಲ್ಲ.